ಗಂಟಲಿಲ್ಲದ ಹಸೆಹಾಡು

ಯಲಹಂಕ
12 ನವೆಂಬರ್ 1957

ಚಿ|| ಸೌ|| ಕೃಷ್ಣಮ್ಮನಿಗೆ ಸೋದರಮಾವ ಮುನಿಆಂಜಿನಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಆಮೇಲೆ ವಿಷಯಕ್ಕೆ ಬರಬೇಕು ಎಂದು ನಮ್ಮ ಊರಿನ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಆದರೆ ನಿನ್ನ ಅಜ್ಜಿಗೆ ಮಂಡಿನೋವು, ನಿನ್ನ ಅತ್ತೆಗೆ ನನ್ನ ಮೇಲೆ ಕೋಪ, ಎಮ್ಮೆಗೆ ಕೆಚ್ಚಲುಬಾವು. ಕ್ಷೇಮವಾಗಿರುವವನು ನಾನೊಬ್ಬನೇ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಗೌರಿಹಬ್ಬಕ್ಕೂ ನೀನು ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಗಂಟಲ ಆಪರೇಷನ್ ಸುಸೂತ್ರವಾಯಿತು ಎಂದು ನಿನ್ನ ಯಜಮಾನರು ರಾಮಕೃಷ್ಣಪ್ಪನವರು ಬರೆದಿದ್ದರು. ಸುಸೂತ್ರವಾದ ಮೇಲೆ ಬರುವುದಕ್ಕೇನು? ಭದ್ರಾವತಿ ಏನು ಬರ್ಮಾ ದೇಶವೇ? ನಿನ್ನ ಮಾವ ಯಲಹಂಕ ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಎಂಬುದನ್ನು ಮರೆತೆಯಾ? ನಾನು ಲಿವರ್ ಎಳೆದರೆ ತಾನೇ ಗಾಡಿ ಈ ಹಳಿ ಬಿಟ್ಟು ಆ ಹಳಿಗೆ ಹೋಗುವುದು. ಒಂದು ಮಾತು ಬರೆದಿದ್ದರೆ ಬೆಂಗಳೂರಿನ ಗಾಡಿಯನ್ನು ನಿನ್ನ ಮನೆ ಬಾಗಿಲಿಗೇ ತಿರುಗಿಸಿಬಿಡುತ್ತಿದ್ದೆ.

ಮೊನ್ನೆ ಚಿಕ್ಕಹನುಮಯ್ಯನ ಮಗಳ ಮದುವೆಯಾಯಿತು. ಮದುಮಗಳನ್ನು ಹಸೆಮಣೆಗೆ ಕರೆಯುವಾಗ ಹೆಂಗಸರು ಹಾಡಿದ ದನಿ ಕೇಳಿ ಆ ಹುಡುಗಿ ಎದ್ದು ಓಡಿಹೋಗದೆ ಇದ್ದದ್ದೇ ಪುಣ್ಯ. "ಕೃಷ್ಣಮ್ಮ ಇದ್ದಿದ್ರೆ ಇಂಗಾಯ್ತಿತ್ತಾ?" ಎಂದು ಊರೆಲ್ಲ ನಿನ್ನನ್ನೇ ನೆನೆಯಿತು. ನಿನ್ನ ತಂಗಿ ಗಂಗಿಗೆ ಇನ್ನೂ ಹನ್ನೆರಡು. ಅವಳು ಆಗಲೇ ಹೇಳುತ್ತಾಳೆ: "ನಮ್ಮಕ್ಕ ಹಾಡಿ ಕರೀದಿದ್ರೆ ನಾನು ಹಸೆ ಮೇಲೆ ಕೂರಾಕಿಲ್ಲ." ನಮ್ಮ ಮನೆಯ ಪದ್ಧತಿಯೂ ಅದೇ ಅಲ್ಲವೇ? ಒಡಹುಟ್ಟಿದವಳು ಕರೆಯದೆ ಮದುಮಗಳು ಏಳುವಂತಿಲ್ಲ. ನಿಮ್ಮಮ್ಮ ತೀರಿಕೊಂಡ ಮೇಲೆ ನಿಮ್ಮಿಬ್ಬರನ್ನು ಸಾಕಿದವನು ನಾನು, ನಿನಗೆ ಹಾಡು ಕಲಿಸಿದವಳು ಅಜ್ಜಿ. ನನಗೆ ಮಾತ್ರ ಕಲಿಸಲಿಲ್ಲ. ಕಲಿಸಿದ್ದರೆ ನಿಮ್ಮೆಲ್ಲರನ್ನೂ ಮೀರಿಸಿಬಿಡುತ್ತೇನೆಂದು ಅವಳಿಗೆ ಭಯ.

ಅಜ್ಜಿ ದಿನವೂ ನಿನ್ನ ವಿಷಯ ಕೇಳುತ್ತಾಳೆ, "ಕಿಟ್ಟಿ ಆಡ್ತಾವ್ಳಂತಾ?" ಅವಳ ಬಾಯಲ್ಲಿ ‘ಹ’ ಎಂಬ ಅಕ್ಷರವೇ ಇಲ್ಲವಲ್ಲ. ನಿನ್ನ ಮದುವೆಯ ಮಾರನೆಯ ದಿನ "ನೀನೂ ಒಂದು ಆಡಪ್ಪ" ಎಂದದ್ದಕ್ಕೆ ರಾಮಕೃಷ್ಣಪ್ಪನವರು ಪಾಪ, ಚೌಕಾಬಾರದ ಕವಡೆ ಎಲ್ಲಿ ಎಂದು ಹುಡುಕಿದ್ದು ನೆನಪಿದೆಯಾ?

ಬೇಗ ಬರೆ.

ಮಾವ


ಭದ್ರಾವತಿ
3 ಡಿಸೆಂಬರ್ 1957

ಮಾವನಿಗೆ ಕೃಷ್ಣಮ್ಮನ ನಮಸ್ಕಾರ.

ಕೋಪಿಸಿಕೊಳ್ಳಬೇಡ. ಗಂಟಲು ವಾಸಿಯಾಗಿದೆ. ದನಿ ಸ್ವಲ್ಪ ಒಡೆದಿದೆ, ಅಷ್ಟೆ. ಚಳಿಗಾಲ ಕಳೆದರೆ ಸರಿಹೋಗುತ್ತದಂತೆ. ಇವರಿಗೆ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸ ಜಾಸ್ತಿ, ಅದಕ್ಕೇ ಹಬ್ಬಕ್ಕೆ ಬರಲಾಗಲಿಲ್ಲ.

ಪಕ್ಕದ ಮನೆಯವರು ರೇಡಿಯೊ ತಂದಿದ್ದಾರೆ. ಅದರಲ್ಲಿ ಒಂದು ವಾದ್ಯ ಬರುತ್ತದೆ. ವೀಣೆಯಲ್ಲ, ಪಿಟೀಲಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರಿಕೊಂಡು ಹೋಗುತ್ತದೆ, ಅಜ್ಜಿ ಹಾಡುವ ಹಾಗೆ. ಸ್ಟೀಲ್ ಗಿಟಾರ್ ಎನ್ನುತ್ತಾರಂತೆ. ಅದಕ್ಕೆ ಗಂಟಲಿಲ್ಲ, ಆದರೂ ಹಾಡುತ್ತದೆ. ನಾನು ಗೋಡೆಗೆ ಕಿವಿಯಿಟ್ಟು ಕೇಳುತ್ತೇನೆ.

ಅಜ್ಜಿಗೆ, ಅತ್ತೆಗೆ ನಮಸ್ಕಾರ. ಗಂಗಿಗೆ ಮುತ್ತು.

ಕೃಷ್ಣಮ್ಮ


ಯಲಹಂಕ
20 ಜನವರಿ 1958

ಚಿ|| ಸೌ|| ಕೃಷ್ಣಮ್ಮನಿಗೆ ಆಶೀರ್ವಾದ.

ಸ್ಟೀಲ್ ಗಿಟಾರ್ ಬಗ್ಗೆ ನನಗೇ ಬರೆಯುತ್ತೀಯಲ್ಲ! ಅದು ನನಗೆ ಬಹಳ ಹಿಂದಿನಿಂದ ಗೊತ್ತು. ನನ್ನ ಹತ್ತಿರ ಒಂದು ಇದೆ ಕೂಡ. ಜಕ್ಕೂರಿನ ಕಡೆಯ ಬಂಗಲೆಯ ದೊರೆ ಸೀಮೆಗೆ ಹೊರಟಾಗ ಸಾಮಾನು ಹೆಚ್ಚಾಯಿತೆಂದು ಒಂದು ಗಿಟಾರನ್ನು ಸ್ಟೇಷನ್ನಿನಲ್ಲಿ ನನ್ನ ಕೈಗೆ ಕೊಟ್ಟು ಹೋಗಿದ್ದ. ಇಷ್ಟು ದಿನ ಅಟ್ಟದ ಮೇಲಿತ್ತು.

ಅದರಲ್ಲಿ ಇದ್ದದ್ದು ಒಂದೇ ಕೊರತೆ. ಅದು ಮರದ್ದು. ಅದಕ್ಕೇ ತಗಡಿನ ಕೆಲಸದ ಬ್ಯಾಟರಾಯಪ್ಪನನ್ನು ಕರೆಸಿ ಹಿಂದೆ ಮುಂದೆ ಎಲ್ಲಾ ತಗಡು ಹೊಡೆಸಿ ಸ್ಟೀಲ್ ಗಿಟಾರ್ ಮಾಡಿಸಿದ್ದೇನೆ. ಸದ್ಯಕ್ಕೆ ಸೀಮೆಎಣ್ಣೆ ಡಬ್ಬದ ತಗಡು. ನಿನ್ನ ಯಜಮಾನರು ಉಕ್ಕಿನ ಕಾರ್ಖಾನೆಯಲ್ಲೇ ಇದ್ದಾರಲ್ಲ, ಒಳ್ಳೆಯ ಸ್ಟೀಲಿನ ಹಾಳೆ ಸಿಕ್ಕುತ್ತದೆಯೇ ವಿಚಾರಿಸು.

ಸಂಕ್ರಾಂತಿಯ ದಿನ ಜಗಲಿಯ ಮೇಲೆ ನುಡಿಸಿದೆ. ಬೀದಿಯ ಜನವೆಲ್ಲ ಸೇರಿತು. ಕಿಚ್ಚು ಹಾಯಿಸಲು ತಂದಿದ್ದ ಎತ್ತುಗಳೂ ನಿಂತವು. ನಿನ್ನ ಅತ್ತೆಗೆ ಆನಂದ ತಡೆಯಲಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಳಿ ಕಡಿಮೆಯಾಯಿತೇ? ದನಿ ಬಂತೇ?

ಮಾವ


ಭದ್ರಾವತಿ
9 ಫೆಬ್ರವರಿ 1958

ಮಾವನಿಗೆ ನಮಸ್ಕಾರ.

ಅಯ್ಯೋ ಮಾವ! ಗಿಟಾರ್ ಸ್ಟೀಲಿನದಲ್ಲ. ಅದು ಮರದ್ದೇ. ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ಕೋಲು ಹಿಡಿದು ತಂತಿಯ ಮೇಲೆ ಜಾರಿಸುತ್ತಾರಂತೆ. ಸ್ಟೀಲು ಎಂದರೆ ಆ ಕೋಲು. ಪಕ್ಕದ ಮನೆಯವರು ಶಿವಮೊಗ್ಗದಲ್ಲಿ ಕಣ್ಣಾರೆ ನೋಡಿದ್ದಾರೆ.

ನಿನ್ನ ಪತ್ರ ಓದಿ ಎಷ್ಟು ನಕ್ಕೆ ಎಂದರೆ, ಇವರು ಊಟದ ಎಲೆ ಬಿಟ್ಟು ಎದ್ದು ಬಂದರು. ಸದ್ದೇ ಇಲ್ಲದೆ ನನ್ನ ಭುಜ ಅಲುಗುವುದನ್ನು ನೋಡಿ ಅಳುತ್ತಿದ್ದೇನೆ ಎಂದುಕೊಂಡರಂತೆ. ಪತ್ರವನ್ನು ಅವರ ಕೈಗೆ ಕೊಟ್ಟೆ. ಅವರು ನಕ್ಕದ್ದು ಮಾತ್ರ ಇಡೀ ಬೀದಿಗೆ ಕೇಳಿಸಿತು.

ಪಾಪದ ಗಿಟಾರಿನ ತಗಡು ಕೀಳಿಸು.

ಕೃಷ್ಣಮ್ಮ


ಯಲಹಂಕ
30 ಮಾರ್ಚ್ 1958

ಚಿ|| ಸೌ|| ಕೃಷ್ಣಮ್ಮನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಕೋಲಿನ ವಿಷಯ ನನಗೆ ಗೊತ್ತೇ ಇತ್ತು. ನಿನಗೆ ಗೊತ್ತಿದೆಯೋ ಎಂದು ಪರೀಕ್ಷೆ ಮಾಡಿದೆ. ನೀನು ಪಾಸಾದೆ.

ಈಗ ನಾನು ಕ್ರಮವಾಗಿ ಕಲಿಯುತ್ತಿದ್ದೇನೆ. ಯಶವಂತಪುರದಲ್ಲಿ ಗುಲಾಮ್ ರಸೂಲ್ ಸಾಹೇಬರು ಎಂದು ಒಬ್ಬರಿದ್ದಾರೆ. ರೇಡಿಯೊ ರಿಪೇರಿ ಮಾಡುತ್ತಾರೆ, ಮದುವೆಯ ಬ್ಯಾಂಡಿನಲ್ಲಿ ನುಡಿಸುತ್ತಾರೆ. ಯುದ್ಧದ ಕಾಲದಲ್ಲಿ ದಂಡಿನ ಸಿಪಾಯಿಗಳಿಂದ ಸ್ಟೀಲ್ ಗಿಟಾರ್ ಕಲಿತವರು. ಡ್ಯೂಟಿ ಮುಗಿಸಿ ಗಾಡಿ ಹತ್ತಿ ಹೋದೆ. ನನ್ನ ವಾದ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ತಗಡು ಯಾಕ್ರೀ ಹೊಡೆಸಿದ್ರಿ?"

"ಮಳೆಗಾಲ ಬರುತ್ತಲ್ಲ ಸಾಬ್ರೇ," ಎಂದೆ.

ಅವರ ಹೆಂಡತಿ ರೆಹಾನಾ ಬೇಗಮ್ಮನವರು ಒಳಗೆ ಕೆಮ್ಮಿದರು. ಕೆಮ್ಮೋ ನಗುವೋ ನಾನು ವಿಚಾರಿಸಲಿಲ್ಲ.

ಸಾಹೇಬರು ತಗಡು ಕಿತ್ತು, ಮೊಳೆಯ ತೂತುಗಳಿಗೆ ಮೇಣ ತುಂಬಿ, ತಂತಿಗಳನ್ನು ಮೇಲಕ್ಕೆತ್ತಿ ಕಟ್ಟಿ ತೊಡೆಯ ಮೇಲಿಟ್ಟರು. ತಮ್ಮ ಕೋಲನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದು ಒಂದು ಒತ್ತು ಒತ್ತಿದೆ. ತಂತಿ ಪಟಾರೆಂದು ಹರಿಯಿತು.

"ಆಂಜಿನಪ್ಪನೋರೇ, ಇದು ರೈಲ್ವೆ ಲಿವರ್ ಅಲ್ಲ ಕಣ್ರೀ! ಒತ್ತಬೇಡಿ. ಮೇಲೆ ಕೋಲು ಇದೆ ಅಂತ ತಂತಿಗೆ ಗೊತ್ತಾದ್ರೆ ಸಾಕು. ಸವೆದು ನುಣ್ಣಗಾಗಿರೋ ಒಂದು ಕೋಲು ನೀವೇ ತಗೊಂಡ್ಬನ್ನಿ. ಹೊಸದು ಬೇಡ, ಕರಕರ ಅನ್ನುತ್ತೆ."

ಅವರಿಗೇನು, ಹೇಳಿಬಿಟ್ಟರು. ನಾನು ಜರ್ಮನಿಯ ಉಕ್ಕಿನದೇ ಒಂದು ಕೋಲು ಸಂಪಾದಿಸಿದ್ದೇನೆ. ಎಲ್ಲಿಂದ ಎಂದು ಕೇಳಬೇಡ, ರೈಲ್ವೆಯವರಿಗೆ ನಾನಾ ಕಡೆ ಜನ ಇರುತ್ತಾರೆ.

ಅಂದ ಹಾಗೆ, ಅಜ್ಜಿಯ ಎಲೆಅಡಿಕೆ ಕುಟ್ಟಾಣಿಯ ಕೋಲು ಕಾಣೆಯಾಗಿದೆ. ಹಲ್ಲಿಲ್ಲದ ಬಾಯಿ, ಕುಟ್ಟದೆ ತಿನ್ನುವಂತಿಲ್ಲ. ಮನೆಯೆಲ್ಲ ಹುಡುಕಿದೆವು. ನನಗೆ ಬೆಕ್ಕಿನ ಮೇಲೆ ಅನುಮಾನ.

ಮಾವ


ಯಲಹಂಕ
18 ಅಕ್ಟೋಬರ್ 1959

ಚಿ|| ಸೌ|| ಕೃಷ್ಣಮ್ಮನಿಗೆ ಆಶೀರ್ವಾದ.

ನಿನ್ನ ಪತ್ರಗಳು ಕಾರ್ಡಿನಷ್ಟಾದವು, ಈಗ ಕಾರ್ಡೂ ಇಲ್ಲ. ಇರಲಿ. ನನ್ನ ಸಮಾಚಾರ ಕೇಳು. ಯಶವಂತಪುರದಿಂದ ಚಿಕ್ಕಬಾಣಾವರದವರೆಗೆ ನನ್ನಷ್ಟು ಚೆನ್ನಾಗಿ ಸ್ಟೀಲ್ ಗಿಟಾರ್ ನುಡಿಸುವವರು ಇಬ್ಬರೇ. ಇನ್ನೊಬ್ಬರು ಸಾಹೇಬರು. ರೇಡಿಯೊದಲ್ಲಿ ಬರುವ ಹಾಡುಗಳೆಲ್ಲ ನನ್ನ ಕೈಯಲ್ಲಿವೆ.

ಈಗ ನನಗೆ ನಮ್ಮ ಹಸೆಹಾಡು ಬೇಕು. ಅಜ್ಜಿಯನ್ನು ಕೇಳಿದರೆ, "ಗಂಡುಸ್ರಿಗೆ ಯಾಕ್ಲಾ ಅದು? ಓಗು, ನಿನ್ನ ರೈಲು ನೋಡು" ಎನ್ನುತ್ತಾಳೆ. ನಿನಗೆ ಮಾತ್ರ ಅದರ ಒಳಹೊರಗು ಗೊತ್ತು. ಕೊನೆಯಲ್ಲಿ ‘ಬಾರೇ’ ಎಂದು ಕರೆಯುವಾಗ ದನಿ ಮೇಲೆ ಹೋಗಿ ಎಲ್ಲಿ ಬಳುಕುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬಿಡಿಸಿ ಬರೆ.

ನೀನೇನೂ ಚಿಂತೆ ಮಾಡಬೇಡ. ನೀನು ಬಾರದಿದ್ದರೆ ಗಂಗಿಯ ಮದುವೆಯಲ್ಲಿ ನಾನೇ ನುಡಿಸಿ ಕರೆದುಬಿಡುತ್ತೇನೆ.

ಮಾವ


ಭದ್ರಾವತಿ
6 ನವೆಂಬರ್ 1959

ಮಾವನವರಿಗೆ ನಮಸ್ಕಾರಗಳು.

ನೀವು ಕೇಳಿದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಆ ಹಾಡು ಸ್ಟೇಷನ್ನಿನ ಜನರ ಮುಂದೆ ಮೆರೆಸುವುದಕ್ಕೆ ಇರುವುದಲ್ಲ. ಅಜ್ಜಿ ನನಗೆ ಕೊಟ್ಟದ್ದು ಅದೊಂದೇ.

ನನ್ನ ದನಿ ಚಳಿಗೆ ಒಡೆದದ್ದಲ್ಲ. ಆಪರೇಷನ್ ಆದ ತಿಂಗಳಲ್ಲೇ ಡಾಕ್ಟರು ಹೇಳಿದರು, ಇಷ್ಟೇ ಎಂದು. ಪಿಸುಮಾತು ಬರುತ್ತದೆ. ಎದುರಿಗೆ ಕೂತವರಿಗೆ ಕೇಳಿಸುತ್ತದೆ, ಅಡುಗೆಮನೆಯಿಂದ ಕೂಗಿದರೆ ಪಡಸಾಲೆಗೆ ಕೇಳಿಸುವುದಿಲ್ಲ. ಅದಕ್ಕೇ ನಾನು ಊರಿಗೆ ಬರುತ್ತಿಲ್ಲ. ಬಂದರೆ ಎಲ್ಲರೂ ಹಾಡು ಎನ್ನುತ್ತಾರೆ. ಅಜ್ಜಿಗೆ ಹೇಳಬೇಡಿ.

ಗಂಗಿಯನ್ನು ಕರೆಯುವ ಜಾಗ ನನ್ನದು ಎಂದುಕೊಂಡಿದ್ದೆ. ಅದಕ್ಕೆ ನೀವು ಬೇರೆ ಏರ್ಪಾಡು ಮಾಡಿಕೊಂಡಿದ್ದೀರಿ. ಒಳ್ಳೆಯದು. ನೀವು ಚೆನ್ನಾಗಿ ನುಡಿಸುವಿರಿ.

ಇತಿ,
ಮುನಿಕೃಷ್ಣಮ್ಮ


ಯಲಹಂಕ
26 ಫೆಬ್ರವರಿ 1961

ಕೃಷ್ಣೀ,

ಒಂದು ವರ್ಷದ ಮೇಲಾಯಿತು, ನಾನು ಉತ್ತರ ಬರೆಯಲಿಲ್ಲ. ನೀನು ನನ್ನನ್ನು ‘ನೀವು’ ಎಂದು ಬರೆದಿದ್ದೆ, ಕೆಳಗೆ ಪೂರ್ತಿ ಹೆಸರು ಹಾಕಿದ್ದೆ. ಹುಟ್ಟಿದಾಗಿನಿಂದ ನನ್ನ ಮೀಸೆ ಎಳೆದವಳು, ಹೆಗಲ ಮೇಲೆ ಕೂತು ಕಿವಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದವಳು. ನನ್ನ ಮಗಳಂಥವಳು ‘ನೀವು’ ಎಂದು ಬರೆದರೆ ಏನು ಉತ್ತರ ಕೊಡಬೇಕೆಂದು ಮೇಷ್ಟ್ರು ಕಲಿಸಿರಲಿಲ್ಲ. ಬಾಯಲ್ಲಿ ಹೇಳಿದರೆ ಸಾಲದು, ನಿನಗೆ ಕಲಿಸುವಷ್ಟು ಕಲಿತ ಮೇಲೆಯೇ ಬರೆಯೋಣ ಎಂದು ಕಾದೆ.

ಗಂಟಲಿಲ್ಲದ ವಾದ್ಯ ಹಾಡುತ್ತದೆ ಎಂದು ಬರೆದವಳು ನೀನೇ. ಸದ್ದಿಲ್ಲದೆ ನಕ್ಕೆ ಎಂದು ಬರೆದವಳೂ ನೀನೇ. ಎರಡನ್ನೂ ಒಟ್ಟಿಗೆ ಓದುವುದಕ್ಕೆ ನನ್ನ ನಾಲ್ಕನೇ ಕ್ಲಾಸು ಸಾಕಾಯಿತು. ನೀನಾಗಿ ಹೇಳುವವರೆಗೆ ನಾನು ಕೇಳಬಾರದು ಎಂದುಕೊಂಡೆ. ಮಾರನೆಯ ದಿನವೇ ಯಶವಂತಪುರದ ಗಾಡಿ ಹತ್ತಿದೆ. ಹಸೆಹಾಡನ್ನು ನಾನು ನುಡಿಸುವೆ ಎಂದು ಕೆಣಕಿದರೆ, "ಕೊಡು ಇಲ್ಲಿ, ಅದು ನನ್ನದು" ಎಂದು ಕಿತ್ತುಕೊಳ್ಳುತ್ತೀಯ ಎಂದುಕೊಂಡಿದ್ದೆ. ಚಿಕ್ಕವಳಿದ್ದಾಗ ಎಲ್ಲವನ್ನೂ ಹಾಗೇ ಕಿತ್ತುಕೊಳ್ಳುತ್ತಿದ್ದೆ.

ಶಿವಮೊಗ್ಗ ಗಾಡಿಯ ಗಾರ್ಡ್ ಆನಂದಪ್ಪನ ಕೈಯಲ್ಲಿ ಗಿಟಾರ್ ಕಳಿಸುತ್ತಿದ್ದೇನೆ, ಜರ್ಮನ್ ಕೋಲೂ ಸೇರಿ. ಅದು ನಿನ್ನದು. ಮೊದಲಿನಿಂದಲೂ ನಿನ್ನದೇ.

ಕಲಿಸುವವನಿಗೆ ಚೆನ್ನಾಗಿ ನುಡಿಸಲು ಬರಬೇಕಿಲ್ಲ, ಎಲ್ಲಾ ತಪ್ಪುಗಳೂ ಗೊತ್ತಿದ್ದರೆ ಸಾಕು ಎನ್ನುತ್ತಾರೆ ಸಾಹೇಬರು. ಹಾಗಾದರೆ ನನ್ನಂಥ ಗುರು ಈ ರಾಜ್ಯದಲ್ಲೇ ಇಲ್ಲ. ನಾನು ಮಾಡದ ತಪ್ಪು ಉಳಿದಿಲ್ಲ. ಮೊದಲನೆಯ ಪಾಠ ಬರೆದುಕೋ: ಒತ್ತಬೇಡ. ಎರಡನೆಯದು: ಕೋಲಿನ ಹಿಂದೆ ಉಳಿದ ಬೆರಳುಗಳನ್ನು ತಂತಿಗೆ ತಾಗಿಸಿಡು, ಇಲ್ಲದಿದ್ದರೆ ಕುಯ್ಯೋ ಎನ್ನುತ್ತದೆ. ಮೂರನೆಯದು: ಕುಯ್ಯೋ ಎಂದರೂ ಹೆದರಬೇಡ. ನಮ್ಮ ಎಮ್ಮೆ ನನ್ನ ಅಭ್ಯಾಸ ಕೇಳಿ ಹಾಲು ಕೊಡುವುದನ್ನು ಬಿಟ್ಟಿತ್ತು, ಆಮೇಲೆ ಒಗ್ಗಿಕೊಂಡಿತು.

ಮಾವ


ಭದ್ರಾವತಿ
14 ಏಪ್ರಿಲ್ 1961

ಮಾವ,

ಪೆಟ್ಟಿಗೆ ಬಂತು. ಬಹಳ ದಿನ ಬಿಚ್ಚಲಿಲ್ಲ. ಮಂಚದ ಕೆಳಗೆ ತಳ್ಳಿದ್ದೆ. ಯುಗಾದಿಗೆ ಮನೆ ಗುಡಿಸುವಾಗ ಪೊರಕೆ ತಾಗಿ ಒಳಗೆ ತಂತಿ ಮಿಡಿಯಿತು. ಅಲ್ಲೇ ನೆಲದ ಮೇಲೆ ಕೂತು ಬಿಚ್ಚಿದೆ.

ಮೊದಲ ದಿನ ಬಾವಿಯ ರಾಟೆಯ ಹಾಗೆ ಕಿರುಗುಟ್ಟಿತು. ಇವರು, "ಎಣ್ಣೆ ಬಿಡ್ಲೇನೇ?" ಎಂದರು. ನಾನು ಒತ್ತಿಬಿಡುತ್ತೇನೆ ಮಾವ. ಎಷ್ಟೇ ಹಗುರ ಎಂದುಕೊಂಡರೂ ಕೈ ಒತ್ತುತ್ತದೆ. ಏನು ಮಾಡಲಿ?

ಇನ್ನೊಂದು ಅನುಮಾನ. ಜರ್ಮನಿಯವರು ಕೋಲಿನ ಒಂದು ತುದಿಯನ್ನು ಹೀಗೆ ಚಪ್ಪಟೆ ಮಾಡಿರುವುದು ಏಕೆ? ಅದಕ್ಕೆ ಸುಣ್ಣದ ವಾಸನೆಯೂ ಇದೆ.

ನಿನ್ನ ಮೇಲೆ ಕೋಪ ಇಲ್ಲ. ಆದರೆ ಪೂರ್ತಿ ಹೋಗಿಲ್ಲ.

ಕೃಷ್ಣೀ


ಯಲಹಂಕ
2 ಮೇ 1961

ಕೃಷ್ಣೀ,

ಸುಣ್ಣ ಜರ್ಮನಿಯಲ್ಲೂ ಸಿಗುತ್ತದೆ.

ಒತ್ತುವ ಕೈಗೆ ಮದ್ದು ಇದೆ. ನಾನೂ ಇದನ್ನೇ ಕೇಳಿದಾಗ ಸಾಹೇಬರು, "ಮಲಗಿರೋ ಮಗು ಕೆನ್ನೆ ಮುಟ್ಟಿ ನೋಡಿದೀರಾ? ಎಬ್ಬಿಸ್ಬಾರ್ದು, ಮುಟ್ಲೂ ಬೇಕು. ಅಷ್ಟೇ ಭಾರ," ಎಂದರು. ನಾನು ಜ್ವರ ಬಂದ ರಾತ್ರಿಗಳಲ್ಲಿ ನಿನ್ನ ಹಣೆ ಮುಟ್ಟಿ ನೋಡುತ್ತಿದ್ದುದನ್ನು ನೆನೆಸಿಕೊಂಡೆ. ಕೈ ಹಗುರಾಯಿತು. ನೀನು ಗಂಗಿಯನ್ನು ನೆನೆಸಿಕೋ. ತಾಯಿಯಿಲ್ಲದ ಆ ಮಗುವನ್ನು ತಟ್ಟಿ ಮಲಗಿಸುತ್ತಿದ್ದವಳು ನೀನೇ.

ಮಾವ


ಭದ್ರಾವತಿ
11 ಆಗಸ್ಟ್ 1962

ಮಾವ,

ಹಸೆಹಾಡು ಕೈಗೆ ಬಂದಿದೆ ಎಂದುಕೊಂಡು ತಿಂಗಳುಗಟ್ಟಲೆ ನುಡಿಸಿದೆ. ಎಲ್ಲಾ ಸರಿಯಾಗಿತ್ತು, ಆದರೆ ಅಜ್ಜಿಯದಾಗಿರಲಿಲ್ಲ. ಗಿಟಾರಿನ ಕತ್ತಿನ ಮೇಲೆ ಗೆರೆಗಳಿವೆಯಲ್ಲ, ‘ಬಾರೇ’ ಎನ್ನುವಾಗ ಆ ಗೆರೆಯ ಮೇಲೆ ಸರಿಯಾಗಿ ನಿಲ್ಲುತ್ತಿದ್ದೆ. ನಿನ್ನೆ ಹಾಲು ಉಕ್ಕಿತೆಂದು ಅತ್ತ ತಿರುಗಿದಾಗ ಕೋಲು ಗೆರೆ ಮುಟ್ಟದೆ ಸ್ವಲ್ಪ ಹಿಂದೆಯೇ ನಿಂತಿತು. ಅಲ್ಲಿಂದ ನಡುಗುತ್ತಾ ಮೇಲೆ ಹೋಯಿತು. ಮಾವ, ಅಜ್ಜಿ ಅಲ್ಲೇ ಇದ್ದಳು! ಎರಡು ಗೆರೆಗಳ ನಡುವೆ.

ಹಾಲೆಲ್ಲ ಒಲೆಯ ಪಾಲಾಯಿತು. ಇವರು ಕಪ್ಪು ಕಾಫಿ ಕುಡಿದು, "ಇನ್ನೊಂದ್ ಸಲ ನುಡಿಸು," ಎಂದರು.

ಸಾಹೇಬರಿಗೂ ಬೇಗಮ್ಮನವರಿಗೂ ನನ್ನ ನಮಸ್ಕಾರ ತಿಳಿಸು. ಅವರನ್ನು ನಾನು ನೋಡಿಲ್ಲ. ಆದರೆ ದಿನವೂ ಅವರ ಮಾತು ಕೇಳಿಯೇ ಕೈಯಿಡುತ್ತೇನೆ.

ಕೃಷ್ಣೀ


ಯಲಹಂಕ
5 ಏಪ್ರಿಲ್ 1964

ಕೃಷ್ಣೀ,

ಗಂಗಿಯ ಮದುವೆ ಗೊತ್ತಾಯಿತು. ಹುಡುಗ ಅಮೃತಹಳ್ಳಿಯವನು, ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಕೆಲಸ. ನನ್ನಷ್ಟು ಲಕ್ಷಣವಾಗಿಲ್ಲ, ಆದರೆ ಯಾರು ತಾನೇ ಇದ್ದಾರೆ?

ಹಸೆಗೆ ಬಾಯಲ್ಲೇ ಕರೆಯಬೇಕು, ಬ್ಯಾಂಡಿನ ವಾದ್ಯ ಇಟ್ಟುಕೊಂಡು ಕೂತರೆ ಜನ ಏನೆಂದಾರು ಎಂದು ಹೋದ ಸಲ ನೀನು ಬರೆದಿದ್ದೆ. ಬೀಗರ ಕಡೆಯ ಹಿರಿಯರೂ ಅದನ್ನೇ ಹೇಳಿದರು. ನಮ್ಮ ಬೀದಿಯ ಮುನಿನಾರಾಯಣಮ್ಮ, "ನಾನೇ ಹಾಡ್ತೀನಿ ಬುಡ್ರಿ," ಎಂದು ಮುಂದೆ ಬಂದಳು. ಗಂಗಿ ಎಲ್ಲರ ಎದುರಿಗೇ ಹೇಳಿದಳು: "ನಮ್ಮಕ್ಕ ಕರೆದ್ರೆ ಏಳ್ತೀನಿ. ಬಾಯಲ್ಲೋ ಕೈಯಲ್ಲೋ ಅವಳಿಷ್ಟ."

ಇನ್ನು ನಾನು ಹೇಳುವುದೇನೂ ಇಲ್ಲ. ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಿನ್ನ ದನಿಯ ವಿಷಯ ನಾವು ಯಾರೂ ಹೇಳಿಲ್ಲ. ಬಾ.

ಮಾವ


ಭದ್ರಾವತಿ
8 ಜೂನ್ 1964

ಮಾವ,

ಮದುವೆಮನೆಯ ಗದ್ದಲದಲ್ಲಿ ನಿನ್ನ ಜೊತೆ ಕೂತು ಮಾತಾಡಲು ಆಗಲಿಲ್ಲ. ಅಥವಾ ನೀನು ಕೈಗೆ ಸಿಗಲಿಲ್ಲ. ಹಸೆಗೆ ಕರೆಯುವ ಹೊತ್ತಿಗೆ ಸರಿಯಾಗಿ "ಅರ್ಜೆಂಟ್ ಡ್ಯೂಟಿ" ಎಂದು ಸ್ಟೇಷನ್ನಿಗೆ ಓಡಿಹೋದೆ. ಅವತ್ತು ನಿನಗೆ ರಜೆ ಇತ್ತೆಂದು ಅತ್ತೆ ಹೇಳಿದಳು. ಆದ್ದರಿಂದ ನೀನು ನೋಡದೆ ಹೋದದ್ದನ್ನು ಬರೆಯುತ್ತೇನೆ.

ನಾನು ಚಾಪೆಯ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲಿಟ್ಟೆ. ಬೀಗರ ಕಡೆಯವರು ಯಾರೋ, "ಇದೇನ್ ಸಿನಿಮಾನಾ?" ಎಂದರು. ನಾನು ಕೋಲನ್ನು ಸೆರಗಿಗೆ ಒರೆಸಿಕೊಂಡೆ. ಗಂಗಿ ಒಳಕೋಣೆಯಲ್ಲಿ ಸೆರಗು ಹೊದ್ದು ಕೂತಿದ್ದಳು, ಬಾಗಿಲಿನಿಂದ ಅವಳ ಅರಿಶಿನದ ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲನ್ನೇ ನೋಡುತ್ತಾ ಶುರು ಮಾಡಿದೆ. ಒತ್ತಲಿಲ್ಲ ಮಾವ.

‘ಬಾರೇ’ ಬಂದಾಗ ಎರಡು ಗೆರೆಗಳ ನಡುವೆ ನಿಂತೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ ಕೂಗಿದಳು: "ಅಯ್ಯೋ, ನಮ್ ಕಿಟ್ಟಿ ಆಡ್ತಾವ್ಳೆ ಕಣ್ರೇ! ಕೇಳ್ರೇ, ಕಿಟ್ಟಿಗೆ ಗಂಟ್ಲು ಬಂತು!"

ಆಡುವುದೋ ಹಾಡುವುದೋ, ಅವಳ ಬಾಯಲ್ಲಿ ಎರಡೂ ಒಂದೇ. ಅವತ್ತು ನನಗೂ ಒಂದೇ ಆಯಿತು. ಯಾರೂ ಅವಳನ್ನು ತಿದ್ದಲಿಲ್ಲ. ಗಂಗಿಯ ಕಾಲು ಎದ್ದು ಹೊಸ್ತಿಲು ದಾಟಿತು.

ಸಂಜೆ ಅಜ್ಜಿಯ ಹತ್ತಿರ ಕೂತೆ. ಅವಳು ಕುಟ್ಟಾಣಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಬಾಗಿಲಿನ ಹಳೆಯ ಅಗುಳಿಯಿಂದ ಕುಟ್ಟುತ್ತಿದ್ದಳು. ನಾನು ನನ್ನ ಕೋಲನ್ನು ತೆಗೆದು ಕುಟ್ಟಾಣಿಗೆ ಇಳಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು! ಜರ್ಮನಿಯವರು ನಮ್ಮ ಅಜ್ಜಿಯ ಕುಟ್ಟಾಣಿಯ ಅಳತೆಯನ್ನು ಹೇಗೆ ತಿಳಿದರು ಮಾವ?

"ನಂಗೊತ್ತಿಲ್ವಾ," ಎಂದಳು ಅಜ್ಜಿ. "ನಾನ್ ನೋಡ್ತಿದ್ದಂಗೇ ಸೊಂಟುಕ್ಕೆ ಸಿಕ್ಕುಸ್ಕೊಂಡು ಓದ. ಆಮೇಲೆ ಬೆಕ್ಕಿನ ಮ್ಯಾಲೆ ಆಕ್ದ. ಕಿಟ್ಟಿ ಕಾಗ್ದ ಬಂದಾಗ್ಲಿಂದ ಉಂಡಿರ್ಲಿಲ್ಲ ಅವ್ನು. ಏನೋ ಮಾಡಾಕೋಯ್ತಾವ್ನೆ, ಮಾಡ್ಲಿ ಅಂತ ಸುಮ್ಕಾದೆ."

ಅವಳ ಕೈಯಲ್ಲಿ ಅಷ್ಟು ವರ್ಷ ಸವೆದದ್ದಕ್ಕೇ ಅದು ತಂತಿಯ ಮೇಲೆ ಅಷ್ಟು ನುಣ್ಣಗೆ ಜಾರುವುದು. ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಇವರು ಈಗ ಲೇತಿನಲ್ಲಿ ಅಜ್ಜಿಗೆ ಹೊಸ ಕೋಲು ಕಡೆಯುತ್ತಿದ್ದಾರೆ. ಮೊದಲು ನೀನು ಕೇಳಿದ್ದೆಯಲ್ಲ ಭದ್ರಾವತಿಯ ಉಕ್ಕು, ಈಗ ಬರುತ್ತದೆ.

ನಿನಗೆ ಏನೆಂದು ಬರೆಯಲಿ? ಥ್ಯಾಂಕ್ಸ್ ಎಂದರೆ ‘ನೀವು’ ಎಂದ ಹಾಗಿರುತ್ತದೆ. ಬರೆಯುವುದಿಲ್ಲ, ನುಡಿಸುತ್ತೇನೆ. ಸಾಹೇಬರನ್ನೂ ಬೇಗಮ್ಮನವರನ್ನೂ ಕರೆದುಕೊಂಡು ಬಾ.

ಕೃಷ್ಣೀ


ಯಲಹಂಕ
1 ಜುಲೈ 1964

ಕೃಷ್ಣೀ,

ಅವತ್ತು ಡ್ಯೂಟಿ ಇರಲಿಲ್ಲ, ನಿಜ. ಲಿವರ್ ಹಿಡಿದು ನಿಂತಿದ್ದೆ. ಯಾವ ಗಾಡಿಯೂ ಇರಲಿಲ್ಲ. ನೀನು ತಡವರಿಸಿದರೆ ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಗಾಳಿ ಮನೆಯ ಕಡೆಯಿಂದಲೇ ಬೀಸುತ್ತಿತ್ತು, ಎಲ್ಲಾ ಕೇಳಿಸಿತು. ‘ಬಾರೇ’ ಎಂದಾಗ ನಾನು ಲಿವರನ್ನು ಎಷ್ಟು ಒತ್ತಿ ಹಿಡಿದಿದ್ದೆ ಎಂದರೆ, ಸಾಹೇಬರು ನೋಡಿದ್ದರೆ ನನ್ನ ಹೆಸರು ಹೊಡೆದುಹಾಕುತ್ತಿದ್ದರು.

ಅಳಲಿಲ್ಲ. ಇಂಜಿನ್ನಿನ ಹೊಗೆ. ಗಾಡಿ ಇರಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಅದನ್ನು ಓದಬೇಡ.

ಸಾಹೇಬರಿಗೆ ನಿನ್ನ ಪತ್ರ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು. ಆಮೇಲೆ, "ನಮ್ ಶಿಷ್ಯೆ," ಎಂದರು. ನಾನು, "ನನ್ನ ಶಿಷ್ಯೆ," ಎಂದೆ. ಇಬ್ಬರಿಗೂ ಜಗಳವಾಗಿ ಬೇಗಮ್ಮನವರು ಚಹಾ ಕೊಟ್ಟು ಬಿಡಿಸಿದರು. ದಸರಾಕ್ಕೆ ಮೂವರೂ ಬರುತ್ತೇವೆ.

ರಾಮಕೃಷ್ಣಪ್ಪನವರು ಕಳಿಸಿದ ಹೊಸ ಕೋಲು ತಲುಪಿತು. ಕನ್ನಡಿಯ ಹಾಗೆ ಹೊಳೆಯುತ್ತದೆ. ಅಜ್ಜಿ ಕುಟ್ಟಿ, ಬಾಯಿಗೆ ಹಾಕಿಕೊಂಡು ಮೆದ್ದಳು. ಹೇಗಿದೆ ಎಂದು ಕೇಳಿದೆ.

"ಬೋ ನುಣ್ಣುಗಾಯ್ತದೆ ಕಣ್ಲಾ," ಎಂದಳು. "ಆದ್ರೆ ಇದು ಆಡಾಕಿಲ್ಲ."

ಮಾವ